ಹೊಂಗೆ ನೆರಳಿನ ದಾರಿ

"ಗುರುಗಳೇ, ಅವರ ಒಳ್ಳೆಯದಕ್ಕೇ ಮಾಡುತ್ತೇನೆ, ಅವರಿಗೇ ಬೇಡ. ಇನ್ನೇನು ಮಾಡಲಿ?" ಎಂದು ವಾಮನ ಕೇಳಿದ.

ಆಶ್ರಮದ ವೃದ್ಧರನ್ನು ನೋಡಿಕೊಳ್ಳುವ ಶಿಷ್ಯ ಅವನು. ಅವರಿಗೆಂದು ಹೊಸ ಮಂಚಗಳನ್ನು ಹಾಕಿಸಿದ್ದ. ಅವರು ಮಾತ್ರ ಜಗಲಿಯ ನೆಲದ ಮೇಲೆಯೇ ಮಲಗುತ್ತಿದ್ದರು. ಚಳಿಗೆ ಯಾರಿಗಾದರೂ ಏನಾದರೂ ಆದೀತೆಂಬ ಹೆದರಿಕೆಯಲ್ಲಿ ಒಂದು ವಾರದಿಂದ ಅವನಿಗೆ ಊಟ ಸೇರುತ್ತಿರಲಿಲ್ಲ. ನಾಳೆಯಿಂದ ಜಗಲಿಯ ಬಾಗಿಲಿಗೆ ಬೀಗ ಹಾಕುವ ಯೋಚನೆಯೂ ಇತ್ತು.

ಗುರುಗಳು ಕುಳಿತುಕೋ ಎಂದು ಕೈ ತೋರಿಸಿ ಹೇಳತೊಡಗಿದರು.

ಕಡಲ ತಡಿಯ ಒಂದು ಪೇಟೆ. ಅಲ್ಲೊಬ್ಬ ಇಂಜಿನಿಯರು. ದೋಣಿಗಳು ಬಂದು ನಿಲ್ಲುವ ದಕ್ಕೆಯಿಂದ ಮಾರುಕಟ್ಟೆಗೆ ಇದ್ದದ್ದು ಒಂದೇ ರಸ್ತೆ. ಲಾರಿಗಳೂ ಅದರಲ್ಲೇ, ಸೈಕಲ್ಲುಗಳೂ ಅದರಲ್ಲೇ, ತಲೆಯ ಮೇಲೆ ಬುಟ್ಟಿ ಹೊತ್ತು ಮೀನು ಮಾರಲು ಹೋಗುವ ಹೆಂಗಸರೂ ಅದರಲ್ಲೇ. ಒಂದು ದಿನ ತಿರುವಿನಲ್ಲಿ ಲಾರಿ ಬಡಿದು ಅವರಲ್ಲೊಬ್ಬಳು ಸತ್ತಳು. ಇಂಜಿನಿಯರು ಅದನ್ನು ಕಣ್ಣಾರೆ ಕಂಡ. ಇನ್ನೊಬ್ಬಳು ಹೀಗೆ ಸಾಯಬಾರದು ಎಂದು ಹಟ ಹಿಡಿದ.

ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಮೇಲಿನವರ ಬೆನ್ನು ಬಿದ್ದು, ರಸ್ತೆಯ ಪಕ್ಕದ ಹೊಂಗೆ ಮರಗಳ ಕೆಳಗೆ ನಡೆಯುವವರಿಗೂ ಸೈಕಲ್ಲಿನವರಿಗೂ ಬೇರೆಯೇ ದಾರಿ ಮಾಡಿಸಿದ. ನೆರಳಿರಲಿ ಎಂದು ಒಂದು ಕೊಂಬೆಯನ್ನೂ ಕಡಿಯಗೊಡಲಿಲ್ಲ. ಊರವರ ಸಭೆಯನ್ನೂ ಕರೆದ. ಮೀನಿನ ಹೆಂಗಸರು ಬರಲಿಲ್ಲ. ದೋಣಿ ಬರುವ ಹೊತ್ತಿಗೆ ಸಭೆ ಕರೆದರೆ ಅವರು ಬರುವುದಾದರೂ ಹೇಗೆ? ಕೊನೆಗೆ ತಾನೇ ಆ ದಾರಿಯಲ್ಲಿ ಏಳು ಸಲ ನಡೆದ, ಎರಡು ಸಲ ಸೈಕಲ್ ತುಳಿದ. ಒಂದು ಕಲ್ಲೂ ಕಾಲಿಗೆ ತಾಗಲಿಲ್ಲ.

ದಾರಿ ತೆರೆಯಿತು. ಊರೆಲ್ಲ ಅದರಲ್ಲಿ ಓಡಾಡಿತು. ಮೀನಿನ ಹೆಂಗಸರು ಮಾತ್ರ ಲಾರಿಗಳ ನಡುವೆಯೇ ನಡೆದರು. ಅವನು ದಿನವೂ ತಿರುವಿನಲ್ಲಿ ಜೀವ ಕೈಯಲ್ಲಿ ಹಿಡಿದು ನಿಂತ. ಇತ್ತ ಬನ್ನಿ ಎಂದು ಕೈ ಬೀಸಿದ. ಅವರು ನಕ್ಕು ಮುಂದೆ ಹೋದರು. ಫಲಕ ಹಾಕಿಸಿದ. ಓದು ಬಾರದವರಿಗೆ ಫಲಕ ಹಾಕಿಸಿದ ಪುಣ್ಯಾತ್ಮ. ಹಳೆಯ ರೂಢಿ ಬಿಡಲಾರದ ಜನ, ಇವರಿಗೆ ತಮ್ಮ ಜೀವದ ಮೇಲೂ ಆಸೆಯಿಲ್ಲ ಎಂದು ಹಲ್ಲು ಕಚ್ಚಿದ. ಕೊನೆಗೆ ದಾರಿಗೂ ರಸ್ತೆಗೂ ನಡುವೆ ಉದ್ದಕ್ಕೂ ಕಬ್ಬಿಣದ ಬೇಲಿ ಹಾಕಿಸಿದ. ರಸ್ತೆಯ ಅಂಚಿನಲ್ಲಿ ಕಾಲಿಡಲು ಜಾಗವಿಲ್ಲದಿದ್ದರೆ ತಾವಾಗಿಯೇ ಈಚೆ ಬರುತ್ತಾರೆ ಎಂದುಕೊಂಡ.

ಮರುದಿನ ಬೆಳಿಗ್ಗೆ ದುರ್ಗಿ ಎಂಬವಳು ಬುಟ್ಟಿ ಹೊತ್ತು ರಸ್ತೆಯಲ್ಲೇ ಬಂದಳು. ಹಿಂದಿನಿಂದ ಲಾರಿ ಬಂತು. ಮೊದಲಾಗಿದ್ದರೆ ಪಕ್ಕಕ್ಕೆ ಇಳಿದು ನಿಲ್ಲುತ್ತಿದ್ದಳು. ಈಗ ಇಳಿಯಲು ಬೇಲಿ ಬಿಡಲಿಲ್ಲ. ಅದಕ್ಕೇ ಬೆನ್ನು ಹಚ್ಚಿ ನಿಂತಳು. ಲಾರಿ ಬುಟ್ಟಿಯನ್ನು ಸವರಿಕೊಂಡು ಹೋಯಿತು. ಮೀನು ರಸ್ತೆಯ ತುಂಬ ಚೆಲ್ಲಿತು.

ಇಂಜಿನಿಯರು ಓಡಿದ. ಅವಳು ಬದುಕಿದ್ದಳು.

"ಯಾಕಮ್ಮಾ, ಅಷ್ಟು ಚೆನ್ನಾದ ದಾರಿ ಬಿಟ್ಟು ಇಲ್ಲಿ ಯಾಕೆ ನಡೆಯುತ್ತೀರಿ?" ಎಂದ. ಅಳುವುದೊಂದು ಬಾಕಿ.

"ಅಲ್ಲಿ ಕೊಂಬೆ ಬುಟ್ಟಿಗೆ ಬಡಿತದೆ ಸಾಹೇಬ್ರೆ. ಬಗ್ಗಿದ್ರೆ ಮೀನೆಲ್ಲ ನೆಲಕ್ಕೆ" ಎಂದಳು ದುರ್ಗಿ. "ನೀವು ದಿನಾ ನಿಂತು ನೋಡ್ತಾ ಇದ್ರಿ. ನಿಮಗೆ ಗೊತ್ತುಂಟು ಅಂದ್ಕಂಡಿದ್ವಿ."

ಇಂಜಿನಿಯರು ಬೇಲಿಯಾಚೆ ತಲೆ ಎತ್ತಿ ನೋಡಿದ. ಕೊಂಬೆಗಳು ಆಳೆತ್ತರಕ್ಕಿಂತ ಒಂದು ಗೇಣು ಮೇಲೆ ಚಾಚಿದ್ದವು. ಏಳು ಸಲ ಬರಿದಲೆಯಲ್ಲಿ ನಡೆದವನಿಗೆ ಅವು ನೆರಳಾಗಿ ಮಾತ್ರ ಕಂಡಿದ್ದವು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಆಮೇಲೆ ಕೊಂಬೆ ಕಡಿಸಿದನೇ?" ಎಂದು ವಾಮನ ಕೇಳಿದ.

"ಕಡಿಸಿದ, ಅದು ಅರ್ಧ ದಿನದ ಕೆಲಸ, ಯಾಕಮ್ಮಾ ಎಂದು ಕೇಳುವುದಕ್ಕೆ ಮಾತ್ರ ಅವನಿಗೆ ಲಾರಿಯೇ ಬರಬೇಕಾಯಿತು" ಎಂದರು ಗುರುಗಳು.

ವಾಮನ ಎದ್ದು ಜಗಲಿಯಲ್ಲಿದ್ದ ವೃದ್ಧರ ಕಡೆಗೆ ನಡೆದ.