ಕೆಂಗಲ್ಲು ಬೆಟ್ಟದ ದೀಪ ಮತ್ತು ಹಿತಕಿದ ಅವರೆ

ಪೂಜ್ಯ ಮಾತೆ ತಿಪ್ಪಾಜಮ್ಮನವರು ಕೆಂಗಲ್ಲು ಬೆಟ್ಟದ ತಪ್ಪಲಿನಲ್ಲಿ ಒಂದು ಹುಲ್ಲಿನ ಗುಡಿಸಲು ಕಟ್ಟಿಕೊಂಡು ವಾಸವಾಗಿದ್ದರು. ಉಡಲು ಎರಡು ಸೀರೆ, ಒಂದು ಜಪಮಾಲೆ, ಒಂದಿಷ್ಟು ಮಣ್ಣಿನ ಗಡಿಗೆಗಳು, ಇಷ್ಟೇ ಅವರ ಸಂಸಾರ. ಬೆಟ್ಟದ ನೆತ್ತಿಯ ನರಸಿಂಹಸ್ವಾಮಿಯ ದರ್ಶನಕ್ಕೆ ಹೊರಟವರು ಅಮ್ಮನವರ ಅಂಗಳದಲ್ಲಿ ದಣಿವಾರಿಸಿಕೊಂಡು ಮುಂದೆ ಹೋಗುತ್ತಿದ್ದರು.

ಆ ವರ್ಷ ಪುಷ್ಯ ಮಾಸದ ಚಳಿ ಬಹಳ ಬಿರುಸಾಗಿತ್ತು. ಒಂದು ಸಂಜೆ ಅಮ್ಮನವರು ಹೊಲದವರು ತಂದುಕೊಟ್ಟಿದ್ದ ಅವರೆಕಾಯಿಯನ್ನೆಲ್ಲ ಬಿಡಿಸಿ, ದೊಡ್ಡ ಗಡಿಗೆಯ ತುಂಬ ಕಾಳು ನೆನೆಹಾಕಿದರು. ಇಷ್ಟೊಂದು ಯಾರಿಗೆ ಎಂದು ಸೇವೆಗಿದ್ದ ಮುದ್ದಕ್ಕ ಕೇಳಿದಳು. “ಬರುವವರಿದ್ದಾರೆ” ಎಂದಷ್ಟೇ ಹೇಳಿ ಅಮ್ಮನವರು ಜಪಕ್ಕೆ ಕುಳಿತರು.

ಮರುದಿನ ಬೆಳಗಿನ ಮಂಜು ಕರಗುವ ಹೊತ್ತಿಗೆ ದೂರದ ಊರೊಂದರ ತಾಯಂದಿರ ತಂಡವನ್ನು ಕರೆದುಕೊಂಡು ಓಬಳಯ್ಯನೆಂಬವನು ಬಂದ. ಅವರ ಊರಿಗೆ ಹಿಂದೊಮ್ಮೆ ವಿಷಮಜ್ವರ ಬಂದಾಗ, ಮಕ್ಕಳು ಉಳಿದರೆ ಬೆಟ್ಟದ ನೆತ್ತಿಯಲ್ಲಿ ದೀಪ ಹಚ್ಚುವುದಾಗಿ ತಾಯಂದಿರು ಹರಕೆ ಹೊತ್ತಿದ್ದರು. ಮಕ್ಕಳು ಉಳಿದರು, ಹರಕೆ ಮಾತ್ರ ತೀರಲಿಲ್ಲ. ಎರಡು ಚಳಿಗಾಲ ಹೊರಟವರು ಬೆಟ್ಟದ ನಡುದಾರಿಯ ಜಾರುಬಂಡೆಯ ಹತ್ತಿರ ಕೈಕಾಲು ಸೋತು ಹಿಂದಿರುಗಿದ್ದರು. ವ್ರತದಲ್ಲಿ ಲೋಪವಾಯಿತೆಂದು ನಂಬಿದ ಓಬಳಯ್ಯ ಈ ಸಲ ಉಪವಾಸವನ್ನು ಇನ್ನೂ ಬಿಗಿ ಮಾಡಿದ್ದ. ಊರು ಬಿಟ್ಟಾಗಿನಿಂದ ಯಾರ ಬಾಯಿಗೂ ನೀರಲ್ಲದೆ ಬೇರೇನೂ ಬಿದ್ದಿರಲಿಲ್ಲ.

ಅಂಗಳಕ್ಕೆ ಬಂದವಳೇ ಅವನ ಹೆಂಡತಿ ದೇವೀರಮ್ಮ ಕುಸಿದು ಕುಳಿತಳು. ತುಟಿ ಬಿಳಿಚಿಕೊಂಡಿತ್ತು, ಕೈಬೆರಳು ಸೆಟೆದಿತ್ತು. ಓಬಳಯ್ಯ ಅವಳನ್ನು ಅಲ್ಲೇ ಬಿಟ್ಟು ಉಳಿದವರು ಹೊರಡಬೇಕೆಂದ. ಯಾರೂ ಎದುರಾಡಲಿಲ್ಲ, ಯಾರೂ ಏಳಲೂ ಇಲ್ಲ.

ಅಮ್ಮನವರು ಅವನನ್ನು ಕರೆದು, ನೆನೆದ ಕಾಳಿನ ಗಡಿಗೆ ಮುಂದಿಟ್ಟು, ತಮ್ಮೊಡನೆ ಹಿತಕಲು ಹೇಳಿದರು. ವ್ರತದ ದಿನ ಅವರೆ ಮುಟ್ಟುವುದು ಸಲ್ಲದು, ಅದು ವಾಯು ಪದಾರ್ಥವೆಂದು ಓಬಳಯ್ಯ ವಾದಿಸಿದ. ಅಮ್ಮನವರು ಒಂದೊಂದೇ ಕಾಳು ಹಿತಕುತ್ತ, ಸಿಪ್ಪೆಯಿಂದ ಬೇಳೆಯನ್ನು ತಟ್ಟೆಗೆ ಬೀಳಿಸುತ್ತ ಹೋದರು. ಹಿರಿಯರು ಕೆಲಸ ಮಾಡುವಾಗ ನಿಂತು ನೋಡಲಾಗದೆ ಅವನೂ ಕುಳಿತ. ಕೊನೆಗೆ ಅಮ್ಮನವರು ತಲೆಯೆತ್ತಿ ಹೇಳಿದರು:

“ನೀನು ಉಪವಾಸವಿರುವುದು ನಿನ್ನಿಷ್ಟ, ಓಬಳಯ್ಯ. ಇವರೊಳಗಿರುವ ಸ್ವಾಮಿಯನ್ನು ಯಾಕಪ್ಪ ಉಪವಾಸ ಕೆಡವಿದ್ದೀಯೆ? ಮೊದಲು ಇಲ್ಲಿ ನೈವೇದ್ಯವಾಗಲಿ. ಆಮೇಲೆ ಬೆಟ್ಟ ಹತ್ತು.”

ಓಬಳಯ್ಯನ ಕೈ ನಿಂತಿತು. ಅವನು ಹೆಂಡತಿಯ ಕಡೆ ನೋಡಿದ. ಊರು ಬಿಟ್ಟ ಮೇಲೆ ಅವಳನ್ನು ಸರಿಯಾಗಿ ನೋಡಿದ್ದು ಅದೇ ಮೊದಲು. ತಲೆ ತಗ್ಗಿಸಿ, ಮತ್ತೆ ಹಿತಕತೊಡಗಿದ.

ಅಮ್ಮನವರು ಶುಂಠಿ, ಮೆಣಸು, ತೆಂಗಿನಕಾಯಿ ಅರೆದು ಹಾಕಿ ಬೇಳೆಯ ಸಾರು ಮಾಡಿದರು. ಮುದ್ದಕ್ಕ ರಾಗಿಮುದ್ದೆ ಕಟ್ಟಿದಳು. ಅವರೆಯ ಸೊಗಡು ಅಂಗಳವನ್ನೆಲ್ಲ ತುಂಬಿತು. ಮೊದಲ ಎಲೆಯನ್ನು ಓಬಳಯ್ಯನೇ ಹೆಂಡತಿಯ ಮುಂದಿಟ್ಟ. ಬಿಸಿ ಸಾರು ಹೊಟ್ಟೆಗಿಳಿದಂತೆ ದೇವೀರಮ್ಮನ ಮುಖಕ್ಕೆ ಕಳೆ ಬಂತು. ಹೆಂಗಸರು ಮತ್ತೆ ಮತ್ತೆ ಬಡಿಸಿಕೊಂಡು ಉಂಡರು. ಕೊನೆಗೆ ಅಮ್ಮನವರು ತಾವೇ ಬಡಿಸಿದಾಗ ಓಬಳಯ್ಯ ಕಣ್ಣೀರಿಡುತ್ತಲೇ ಉಂಡ.

ಬಿಸಿಲಿನಲ್ಲಿ ಒಂದಷ್ಟು ಹೊತ್ತು ಮಲಗೆದ್ದು, ಅಮ್ಮನವರ ಪಾದಕ್ಕೆರಗಿ ಎಲ್ಲರೂ ಹೊರಟರು. ಜಾರುಬಂಡೆಯ ಹತ್ತಿರ ಓಬಳಯ್ಯ ಅಳುಕಿ ನಿಂತ. ದೇವೀರಮ್ಮ ಸೆರಗು ಬಿಗಿದು ಮೊದಲು ಹತ್ತಿದಳು. ಮೇಲಿನಿಂದ ಕೈ ಚಾಚಿ ಗಂಡನನ್ನು ಎಳೆದುಕೊಂಡಳು. ಹಿಂದೆಯೇ ಉಳಿದವರೆಲ್ಲ ಹತ್ತಿದರು. ಒಬ್ಬರೂ ಹಿಂದುಳಿಯಲಿಲ್ಲ.

ಹೊತ್ತು ಮುಳುಗುವಾಗ ನೆತ್ತಿಯ ಮೇಲೆ ದೀಪ ಹೊತ್ತಿಕೊಂಡಿತು. ಹಚ್ಚಿದ್ದು ದೇವೀರಮ್ಮ. ತಾಯಂದಿರ ಗೋವಿಂದ ನಾಮಸ್ಮರಣೆ ತಪ್ಪಲಿನವರೆಗೂ ಕೇಳಿಸಿತು. ಗುಡಿಸಲ ಬಾಗಿಲಲ್ಲಿ ನಿಂತಿದ್ದ ಅಮ್ಮನವರು ಕೈಮುಗಿದು, “ಸ್ವಾಮಿ ತೃಪ್ತನಾದ” ಎಂದರು.

ಓಬಳಯ್ಯ ಆಮೇಲೆ ಪ್ರತಿ ಚಳಿಗಾಲವೂ ಅವರೆಕಾಯಿಯ ಮೂಟೆ ಹೊತ್ತು ತಪ್ಪಲಿಗೆ ಬಂದು, ಬೆಟ್ಟ ಹತ್ತುವವರಿಗೆ ತಾನೇ ಬಡಿಸುತ್ತಿದ್ದ. ಯಾರ ವ್ರತ ಎಷ್ಟು ಕಠಿಣವೆಂದು ಅವನು ಮತ್ತೆಂದೂ ವಿಚಾರಿಸಲಿಲ್ಲ. ಬಂದವರನ್ನು ಅವನು ಕೇಳುತ್ತಿದ್ದುದು ಒಂದೇ: “ಊಟ ಆಯಿತೇ?”