ಜವರ ಮೌನ ತರೋಕೆ ಹೋದದ್ದು

ಕೇಳೋರು ಹತ್ತಿರ ಸರೀರಿ, ಕೆಮ್ಮೋರು ಈಗಲೇ ಕೆಮ್ಮಿ ಮುಗಿಸಿ. ಇದು ಮೌನದ ಕತೆ, ಆದರೆ ಒಳಗೆ ಗಲಾಟೆ ಬಹಳ ಇದೆ.

ಹಂಚಿಕೊಪ್ಪಲು ಅಂತ ಒಂದು ಊರು. ಆ ಊರಲ್ಲಿ ದ್ಯಾವಮ್ಮ ಅಂತ ಒಬ್ಬಳು. ಗಂಡ ಇಲ್ಲ, ಹೊಲ ಇಲ್ಲ. ಇದ್ದದ್ದು ಒಂದು ಒಲೆ, ಒಂದು ಬಾಣಲೆ, ಒಬ್ಬ ಮಗ. ಊರವರು ತಂದ ಕಡಲೆ, ಜೋಳ, ಹುರುಳಿ ಎಲ್ಲವನ್ನೂ ಬಿಸಿ ಮರಳಲ್ಲಿ ಹುರಿದು ಕೊಡೋದು ಅವಳ ಕಸುಬು. ಬೆಳಗಿನಿಂದ ಸಂಜೆವರೆಗೆ ಬಾಣಲೆ ಚಟಪಟ ಚಟಪಟ. ಕಾಳು ತಂದ ಹೆಂಗಸರು ಪಟಪಟ ಪಟಪಟ. ಅವೆರಡೂ ನಿಂತರೆ ಮಗ ಜವರನದು ಶುರು.

"ಅವ್ವಾ, ಕಡಲೆಗೆ ಮೂಗು ಯಾಕೈತೆ?"

"ಅವ್ವಾ, ಮರಳಿಗೆ ಸುಡಾಕಿಲ್ವಾ?"

"ಅವ್ವಾ, ಹೊಗೆ ಎಲ್ಲಿಗೆ ಹೋಯ್ತದೆ? ವಾಪಸ್ ಯಾವಾಗ ಬತ್ತದೆ?"

ಜವರನಿಗೆ ಇಪ್ಪತ್ತು ವರ್ಷ. ಎತ್ತಿನಷ್ಟು ಬಲ, ಕರುವಿನಷ್ಟು ಬುದ್ಧಿ, ಅವ್ವ ಅಂದರೆ ಪ್ರಾಣ. ಅವ್ವ ಹೇಳಿದ್ದರಲ್ಲಿ ಒಂದಕ್ಷರ ಬಿಡುತ್ತಿರಲಿಲ್ಲ. ಅದೇ ತಾಪತ್ರಯ!

ಒಂದು ದಿನ ದ್ಯಾವಮ್ಮನ ತಲೆ ಗುಂಯ್ ಅಂದಿತು. ಜಾಲರಿ ಸೌಟು ಕೆಳಗಿಟ್ಟಳು.

"ಜವರಾ, ದಿನಕ್ಕೊಂದು ಗಳಿಗೆ ನನ್ನ ಪಾಡಿಗೆ ನಾನು ಸುಮ್ಮನೆ ಕುಂತ್ಕೋಬೇಕು ಕಣ್ಲಾ. ಇಲ್ಲದಿದ್ರೆ ನನಗೆ ಹುಚ್ಚು ಹಿಡೀತದೆ. ನಾನು ಹಿತ್ತಲಿಗೆ ಹೋಯ್ತೀನಿ. ನೀನು ಬಾಗಿಲು ನೋಡ್ಕೊ. ಏನೇ ಆಗಲಿ, ಬಾಯಿ ಬಿಡಬೇಡ!"

"ಹೂಂ ಅವ್ವಾ!"

ಅವ್ವ ಹಿತ್ತಲಿಗೆ ಹೋದಳು. ಜವರ ಬಾಗಿಲ ಮುಂದೆ ಕುಂತ. ಬಾಗಿಲು ನೋಡಿದ. ಮೇಲಿನಿಂದ ಕೆಳಗೆ ನೋಡಿದ, ಕೆಳಗಿನಿಂದ ಮೇಲೆ ನೋಡಿದ. ಅಷ್ಟರಲ್ಲಿ ಬೀದಿಯ ಮೇಕೆ ಎರಡು ಬಂದವು. ಮಂಕರಿಯಲ್ಲಿದ್ದ ಹುರಿದ ಕಡಲೆಗೆ ಬಾಯಿ ಹಾಕಿದವು. ಕಟುಂ ಕುಟುಂ, ಕಟುಂ ಕುಟುಂ. ಜವರ ಕೂಗೋಕೆ ಹೊರಟ. ಆದರೆ ಬಾಯಿ ಬಿಡಬೇಡ ಅಂದವಳೆ ಅವ್ವ! ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಬಾಗಿಲನ್ನೇ ನೋಡಿದ.

ದ್ಯಾವಮ್ಮ ಬಂದಾಗ ಮಂಕರಿ ಖಾಲಿ. ಬಾಗಿಲು ಮಾತ್ರ ಇದ್ದ ಹಾಗೇ ಇತ್ತು.

"ಅಯ್ಯೋ ನನ್ನ ಕರ್ಮವೇ! ಬಾಯಿ ಹಾಕೋದನ್ನ ಕಂಡ್ರೆ ತಟ್ಟೆ ಬಡೀಬೇಕು ಕಣ್ಲಾ! 'ಬಾಯಿ ಹಾಕ್ತು, ಬಾಯಿ ಹಾಕ್ತು' ಅಂತ ಕೂಗಿ ಊರು ಸೇರಿಸಬೇಕು!"

"ಮೊದಲೇ ಹೇಳಬಾರ್ದಾ ಅವ್ವಾ? ನಾಳೆ ಹಂಗೇ ಮಾಡ್ತೀನಿ!"

ಮಾರನೇ ದಿನ ಹುರಿಗಾಳು ಕೊಡೋಕೆ ಐನೋರ ಮನೆಗೆ ಹೋದ. ಪುರಾಣ ಹೇಳುವ ಐನೋರು ಅವರು. ದಿನವೆಲ್ಲ ಮಾತೇ ಮಾತು. ಅದಕ್ಕೇ ಊಟದ ಹೊತ್ತಿಗೊಂದು ನೇಮ. ಕಣ್ಣು ಮುಚ್ಚಿ, ಮಾತಿಲ್ಲದೆ ಉಣ್ಣಬೇಕು. ಮಾತಾಡಿದರೆ ಊಟ ಮುಗಿದ ಹಾಗೆ, ಎಲೆ ಬಿಟ್ಟು ಏಳಬೇಕು. ಅವತ್ತು ಎಲೆ ಮೇಲೆ ಮೂರು ಹೋಳಿಗೆ, ಮೇಲೆ ತುಪ್ಪ. ಐನೋರು ಮೊದಲನೆಯದಕ್ಕೆ ಬಾಯಿ ಹಾಕಿದರು.

ಜವರ ನೋಡಿದ. ಜಗುಲಿ ಮೇಲಿದ್ದ ಹಿತ್ತಾಳೆ ತಟ್ಟೆ ಎತ್ತಿದ. ಢಣ ಢಣ ಢಣ!

"ಬಾಯಿ ಹಾಕ್ತು! ಬಾಯಿ ಹಾಕ್ತು! ಬರ್ರಪ್ಪೋ, ಹೋಳಿಗೆಗೆ ಬಾಯಿ ಹಾಕ್ತು!"

ಊರೇ ಓಡಿಬಂತು. ಐನೋರು ಕಣ್ಣು ಬಿಟ್ಟರು. ತಡೆದರು, ತಡೆದರು, ಆಗಲಿಲ್ಲ.

"ಲೋ ಮುಠ್ಠಾಳ!"

ಅಂದದ್ದೇ ತಡ, ನೇಮ ಮುರಿಯಿತು. ಎಲೆ ಮೇಲೆ ಇನ್ನೂ ಎರಡು ಹೋಳಿಗೆ! ಐನೋರು ಅವನ್ನು ನೋಡುತ್ತಾ ನೋಡುತ್ತಾ ಎದ್ದರು. ಕೈ ತೊಳೆದು ಸೀದಾ ದ್ಯಾವಮ್ಮನ ಮನೆಗೆ ನಡೆದರು. ಅಲ್ಲಿ ಏನೇನು ಅಂದರು ಅನ್ನೋದು ಬೇಡ ಬಿಡಿ.

ಅವರು ಹೋದ ಮೇಲೆ ದ್ಯಾವಮ್ಮ ಹಣೆ ಚಚ್ಚಿಕೊಂಡಳು.

"ಕಣ್ಣು ಮುಚ್ಚಿ ಮಾತಾಡದೆ ಇರೋರು ದೊಡ್ಡೋರು ಕಣ್ಲಾ! ಅಂಥೋರನ್ನ ಕಂಡ್ರೆ ದೂರ ನಿಂತು ಕೈ ಮುಗೀಬೇಕು. ಅವರಾಗಿ ಬಾಯಿ ಬಿಡೋಗಂಟ ಹತ್ತಿರಕ್ಕೆ ಒಂದು ನರಪಿಳ್ಳೇನೂ ಬಿಡಬಾರ್ದು!"

"ಮೊದಲೇ ಹೇಳಬಾರ್ದಾ ಅವ್ವಾ? ನಾಳೆ ಹಂಗೇ ಮಾಡ್ತೀನಿ!"

ಮಾರನೇ ದಿನ ಸಂತೆ. ಜವರ ಸೌದೆ ತರೋಕೆ ಕಾಲುವೆ ಕಡೆ ಹೋದ. ಕಾಲುವೆಗೆ ಒಂದೇ ಸೇತುವೆ, ಒಂದೇ ಗಾಡಿ ಹಿಡಿಸುವಷ್ಟು ಅಗಲ. ಸೇತುವೆಯ ನಟ್ಟನಡುವೆ ಬಟ್ಟೆ ಒಗೆಯುವ ಚಿಕ್ಕಣ್ಣನ ಕತ್ತೆ ನಿಂತಿತ್ತು. ಕಣ್ಣು ಮುಚ್ಚಿತ್ತು. ಮಾತಾಡುತ್ತಿರಲಿಲ್ಲ.

"ದೊಡ್ಡೋರು!" ಅಂದುಕೊಂಡ ಜವರ. ದೂರ ನಿಂತು ಕೈ ಮುಗಿದ.

ಸೊಪ್ಪಿನ ಗಾಡಿ ಬಂತು. ಜವರ ಅಡ್ಡ ನಿಂತ. "ಶ್!" ಮಡಕೆ ಗಾಡಿ ಬಂತು. "ಶ್!" ವೀಳ್ಯದೆಲೆ ಹೊತ್ತವರು ಬಂದರು. "ಶ್! ದೊಡ್ಡೋರು ಮೌನದಲ್ಲವ್ರೆ!"

"ಯಾರಪ್ಪಾ ದೊಡ್ಡೋರು?" ಅಂತ ಹಿಂದಿನವರು ಕೇಳಿದರು. ಗೊತ್ತಿಲ್ಲದೆ ಮುಂದಿನವರು ಕೈ ಮುಗಿದರು. ಮುಂದಿನವರನ್ನು ನೋಡಿ ಹಿಂದಿನವರೂ ಮುಗಿದರು. ಹದಿನೆಂಟು ಗಾಡಿ ನಿಂತವು. ಬಿಸಿಲೇರಿತು, ಸೊಪ್ಪು ಬಾಡಿತು, ಎತ್ತು ತೂಕಡಿಸಿತು. ಆಮೇಲೆ ದೊಡ್ಡವರು ಕಣ್ಣು ಬಿಟ್ಟರು, ಕತ್ತು ಚಾಚಿದರು, ಬಾಯಿ ಬಿಟ್ಟರು.

"ಹೀ... ಹಾ! ಹೀ... ಹಾ!"

"ಬಾಯಿ ಬಿಟ್ರು!" ಅಂದ ಜವರ. "ಇನ್ನು ಹೋಗಿ!"

ಹೋಗೋದೆಲ್ಲಿ? ಸಂತೆ ಅರ್ಧ ಮುಗಿದಿತ್ತು. ಹದಿನೆಂಟು ಗಾಡಿಯವರೂ ಬೈದರು. ಕತ್ತೆ ಹುಡುಕಿಕೊಂಡು ಬಂದ ಚಿಕ್ಕಣ್ಣನೂ ಬೈದ. ಸಂಜೆ ದ್ಯಾವಮ್ಮನ ಸರದಿ.

"ಅಯ್ಯೋ ಪೆದ್ದೇ! ಅಂಗೆ ಸುಮ್ಮನೆ ಕಲ್ಲಿನಂಗೆ ಇರೋದನ್ನ ಕಂಡ್ರೆ, ಹಿಂದಿನಿಂದ ಕೋಲಲ್ಲಿ ಒಂದು ಬಿಟ್ಟು, 'ಹೈ, ನಡಿ ಮನೆಗೆ' ಅಂತ ಅಟ್ಟಬೇಕು!"

"ಮೊದಲೇ ಹೇಳಬಾರ್ದಾ ಅವ್ವಾ?"

ಅವ್ವ ಹಲ್ಲು ಕಚ್ಚಿದಳು. ಜವರ ಒಂದು ಹೊಂಗೆ ಕೋಲು ಮುರಿದು ಸೊಂಟಕ್ಕೆ ಸಿಕ್ಕಿಸಿಕೊಂಡ.

ಈಗ ಪಟೇಲರ ವಿಚಾರ ಹೇಳಬೇಕು. ಪಟೇಲ ಬೆಟ್ಟೇಗೌಡರ ಮನೆಯಲ್ಲಿ ಮೂವರು ಸೊಸೆಯರು, ಒಂಬತ್ತು ಮೊಮ್ಮಕ್ಕಳು, ಒಂದು ಗಿಣಿ. ಹನ್ನೆರಡೂ ಬಾಯಿ ಒಟ್ಟಿಗೆ, ಗಿಣಿಯದು ಬೇರೆ. ಅದಕ್ಕೇ ಪಟೇಲರು ದಿನಾ "ಗದ್ದೆ ನೋಡ್ಕೊಂಡು ಬತ್ತೀನಿ" ಅಂತ ಹೊರಡೋರು. ಗದ್ದೆಗೆ ಹೋಗುತ್ತಿರಲಿಲ್ಲ. ಹಳ್ಳದ ಹತ್ತಿರ ಒಂದು ಕಲ್ಲಿನ ಮೇಲೆ ಕುಂತು, ರುಮಾಲು ಬಿಚ್ಚಿ ತೊಡೆ ಮೇಲಿಟ್ಟು, ಗಾಳಿಗೆ ಬೋಳು ತಲೆ ಕೊಟ್ಟು, ಒಂದು ಗಳಿಗೆ ಒಬ್ಬರೇ ಇರೋರು. ಯಾರಿಗೂ ಗೊತ್ತಿರಲಿಲ್ಲ.

ಜವರನಿಗೆ ಗೊತ್ತಾಯಿತು. ಸುಮ್ಮನೆ ಕಲ್ಲಿನಂಗೆ ಕುಂತವರೆ! ಹಿಂದಿನಿಂದ ಬಂದ. ಚಟೀರ್!

"ಹೈ! ನಡಿ ಮನೆಗೆ!"

"ಯಾವನ್ಲಾ ಅವನು!"

"ಹೈ! ಹೈ! ನಡಿ ಮನೆಗೆ!" ಚಟೀರ್!

ಪಟೇಲರು ಓಡಿದರು. ಜವರ ಅಟ್ಟಿದ. ಬೀದಿ ನೋಡಿತು, ಜಗುಲಿ ನೋಡಿತು, ನಾಯಿಗಳು ನೋಡಿದವು. ಮನೆ ಬಾಗಿಲಿಗೆ ಬಂದಾಗ ದೊಡ್ಡ ಸೊಸೆ ಕೇಳಿದಳು: "ಯಾಕ್ ಮಾವ, ಗದ್ದೆ ನೋಡಕ್ಕೆ ಹೋಗಿರ್ನಿಲ್ವಾ?"

"ಗದ್ದೆ ಎಲ್ಲಿ ಬಂತು?" ಅಂದ ಜವರ. "ಹಳ್ಳದ ತಾವ ಕಲ್ಲ ಮೇಲೆ ಕುಂತಿದ್ರು! ಹೊಡ್ಕೊಂಡು ಬಂದೆ!"

ಗುಟ್ಟು ರಟ್ಟಾಯಿತು. ಪಟೇಲರ ಮುಖ ಕೆಂಡ! ಆಳು ಕಳಿಸಿ ದ್ಯಾವಮ್ಮನನ್ನು ಕರೆಸಿದರು.

"ನಾಳೆಯಿಂದ ನಿನ್ನ ಮಗನ ಕಾಲು ಬೀದೀಲಿ ಕಂಡ್ರೆ, ನಿನ್ನ ಒಲೆಗೆ ನೀರು ಸುರಿಸ್ತೀನಿ. ಆಮೇಲೆ ಈ ಊರಲ್ಲಿ ನೀನು ಒಂದು ಕಾಳೂ ಹುರಿಯೋಂಗಿಲ್ಲ!"

ದ್ಯಾವಮ್ಮ ಮನೆಗೆ ಬಂದಳು. ಅವತ್ತು ಬೈಯಲಿಲ್ಲ. ಆರಿದ ಒಲೆ ಮುಂದೆ ಕುಂತು ಸೆರಗಲ್ಲಿ ಮುಖ ಮುಚ್ಚಿ ಅತ್ತಳು. ಬೈದರೆ ಜವರನಿಗೆ ಅಭ್ಯಾಸ ಇತ್ತು, ಅತ್ತರೆ ಇರಲಿಲ್ಲ. ಹತ್ತಿರ ಬಂದು ಕುಕ್ಕರಿಸಿದ.

"ಅವ್ವಾ, ಏನು ಬೇಕವ್ವಾ ನಿಂಗೆ?"

"ಏನೂ ಬೇಡ ಕಣ್ ಮಗ. ಒಂದೇ ಒಂದು ಗಳಿಗೆ ಮೌನ ಬೇಕು. ಎಲ್ಲಾದ್ರೂ ಸಿಕ್ಕಿದ್ರೆ ತಂದ್ಕೊಡು."

ಬೆಳಗಾಯಿತು. ಜವರ ಅಟ್ಟದಿಂದ ದೊಡ್ಡ ಮಣ್ಣಿನ ಗುಡಾಣ ಇಳಿಸಿ ಹೆಗಲಿಗೇರಿಸಿದ. ಪಟೇಲರ ಮಾತು ನೆನಪಿತ್ತು, ಬೀದೀಲಿ ಕಾಲು ಕಾಣಬಾರದು. ಎರಡು ಕಾಲಿಗೂ ಗೋಣಿಚೀಲ ಸುತ್ತಿ ಹಗ್ಗ ಕಟ್ಟಿದ. ಧಪ್ ಧಪ್, ಧಪ್ ಧಪ್ ಅಂತ ಹೊರಟ.

ಮೊದಲನೇ ಮನೆ. "ಅಕ್ಕಾ, ನಮ್ಮವ್ವಂಗೆ ಒಸಿ ಮೌನ ಬೇಕಂತೆ. ಇದ್ರೆ ಕೊಡಕ್ಕಾ."

"ಆರು ಮಕ್ಕಳು ಹೆತ್ತೋಳ ಮನೇಲಿ ಮೌನ ಎಲ್ಲಿಂದ ಬತ್ತದಪ್ಪಾ! ಮುಂದಕ್ಕೆ ಹೋಗು!"

ಚಿಕ್ಕಣ್ಣ, "ನನ್ನ ತಾವಿಲ್ಲ, ಕತ್ತೆ ತಾವ ಕೇಳು" ಅಂದ. ಐನೋರು ಬಾಗಿಲೇ ತೆಗೆಯಲಿಲ್ಲ, ಕಿಟಕಿಯಿಂದ ಕೂಗಿದರು: "ಇದ್ದ ಒಂದಿಷ್ಟನ್ನ ನೀನೇ ತಟ್ಟೆ ಬಡಿದು ಓಡಿಸಿದೆಯಲ್ಲೋ!"

ಪಟೇಲರ ಮನೆ ಮುಂದೆ ಜವರ ನಿಂತ. ಪಟೇಲರು ಗೋಣಿಚೀಲ ನೋಡಿದರು, ಗುಡಾಣ ನೋಡಿದರು. "ಏನ್ಲಾ ಇದು ವೇಷ?"

"ಕಾಲು ಕಾಣಬಾರ್ದು ಅಂದ್ರಲ್ಲ ಬುದ್ಧಿ, ಮುಚ್ಚಿವ್ನಿ. ಅವ್ವಂಗೆ ಮೌನ ತರೋಕೆ ಹೊಂಟಿವ್ನಿ. ಅವ್ವ ಅಳ್ತಾವ್ಳೆ."

ಒಳಗೆ ಮಕ್ಕಳು ಕಿರುಚಿದವು, ಗಿಣಿ ಕಿರುಚಿತು. ಪಟೇಲರ ಕೋಪ ಅದೆಲ್ಲಿಗೋ ಇಳಿದುಹೋಯಿತು. ಹತ್ತಿರ ಬಂದು ಅವನ ಕಿವಿಯಲ್ಲಿ ಮೆಲ್ಲಗೆ ಅಂದರು: "ಗೋಣಿ ಬಿಚ್ಚಾಕಿ ನಡಿ. ನಿಮ್ಮವ್ವಂಗೆ ಹೇಳು, ಒಲೆ ಹಚ್ಚಲಿ. ಮತ್ತೆ... ಸಿಕ್ಕಿದ್ರೆ ನಂಗೂ ಒಂದು ಚೊಂಬು ತಾ."

ಊರ ಕೊನೆಯಲ್ಲಿ ಒಬ್ಬ ಮುದುಕಿ ಅವರೆಕಾಯಿ ಸುಲೀತಿದ್ದಳು. "ಮೌನ ಊರೊಳಗೆಲ್ಲಿ ಸಿಕ್ತದಪ್ಪಾ? ಕೆರೆಯಾಚೆ ಬಂಡೆ ತಾವ ಹೋಗು. ಅಲ್ಲಾಡಬೇಡ, ಮಾತಾಡಬೇಡ. ತಾನಾಗೇ ಬಂದು ತುಂಬ್ಕೋತದೆ."

ಜವರ ಹೋದ. ಬಂಡೆ ಮೇಲೆ ಗುಡಾಣ ಇಟ್ಟ, ಬಾಯಿ ತೆರೆದಿಟ್ಟ, ಪಕ್ಕದಲ್ಲಿ ಕುಂತ. ಅಲ್ಲಾಡಲಿಲ್ಲ, ಮಾತಾಡಲಿಲ್ಲ. ನೀರಕ್ಕಿ ಮುಳುಗಿತು, ಎದ್ದಿತು. 'ಎಲ್ಲಿಗೆ ಹೋಗಿತ್ತು ಅದು?' ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಗಾಳಿ ನೀರಿನ ಮೇಲೆ ಬಂತು, ಹೋಯಿತು. ಯಾಕೆ ಬಂತು ಅಂತಲೂ ಕೇಳಲಿಲ್ಲ. ಹೊತ್ತು ಏರಿತು, ಹೊತ್ತು ಇಳಿಯಿತು. ಜವರನಿಗೆ ಏನೋ ಒಂಥರಾ ಹಿತ, ಉಂಡು ಮಲಗಿದ ಹಾಗೆ. ಆದರೆ ಅವನು ಉಂಡಿರಲಿಲ್ಲ.

ಇನ್ನೇನು ತುಂಬಿತು ಅನ್ನುವಾಗ ಕೆರೆ ಏರಿ ಮೇಲಿನಿಂದ ಒಂದು ಕೂಗು.

"ಜವರಾ! ಲೋ ಜವರಾ! ಎಲ್ಲಿದ್ದೀಯಲಾ ನನ್ನ ಕಂದಾ!"

ಜವರ ಹೌಹಾರಿ ಎರಡೂ ಕೈಯಿಂದ ಗುಡಾಣದ ಬಾಯಿ ಮುಚ್ಚಿದ.

"ಅಯ್ಯೋ ಅವ್ವಾ! ಕಂಠದ ಮಟ ಬಂದಿತ್ತು! ನೀನು ಕೂಗಿದೆ, ಎಲ್ಲಾ ಹಾರೋಯ್ತು!"

ದ್ಯಾವಮ್ಮ ಓಡಿಬಂದು ಅವನ ತಲೆ ಮುಟ್ಟಿದಳು, ಬೆನ್ನು ಮುಟ್ಟಿದಳು. ಒದ್ದೆಯಾಗಿಲ್ಲ ಅಂತ ಖಾತ್ರಿ ಆದ ಮೇಲೆ ಒಂದು ಗುದ್ದಿದಳು, ಆಮೇಲೆ ತಬ್ಬಿಕೊಂಡಳು.

"ನೀನಿಲ್ಲ, ಯಾರೂ ಕಾಳು ತರ್ಲಿಲ್ಲ. ಮನೆ ತುಂಬ ಮೌನ ಬಿದ್ದಿತ್ತು ಕಣ್ಲಾ! ಒಂದು ಗಳಿಗೆ ಸ್ವರ್ಗ ಇದ್ದಂಗಿತ್ತು. ಎರಡನೇ ಗಳಿಗೆಗೆ ಎದೆ ಢವಢವ ಅಂತು. ಕೆರೆಗೆ ಬಿದ್ದನೇನೋ ಅಂತ ಊರೆಲ್ಲ ಹುಡುಕಿ ಬಂದೆ!"

"ಪಟೇಲ್ರು ಒಲೆ ಹಚ್ಚು ಅಂದ್ರು."

"ಅಂದ್ರಾ?"

"ಶ್! ಮೊದಲು ಕುಂತ್ಕೊ. ಇನ್ನೊಂದು ಸಲ ತುಂಬ್ಸೋಣ."

ದ್ಯಾವಮ್ಮ ಮಗನ ಮುಖ ನೋಡಿದಳು, ಗುಡಾಣ ನೋಡಿದಳು. ಸೆರಗು ಸಿಕ್ಕಿಸಿ ಬಂಡೆ ಮೇಲೆ ಕುಂತಳು. ಬಾಣಲೆ ಇಲ್ಲ, ಬಾಯಿಗಳಿಲ್ಲ. ಜವರ ಅಲ್ಲಾಡಲಿಲ್ಲ, ಅವ್ವ ಮಾತಾಡಲಿಲ್ಲ. ಕೊಕ್ಕರೆಗಳು ಸಾಲಾಗಿ ಮರಕ್ಕೆ ಬಂದವು. ಅವಳ ತಲೆಯೊಳಗಿನ ಗುಂಯ್ ಮೆಲ್ಲಗೆ, ಮೆಲ್ಲಗೆ ನಿಂತಿತು. ದಿನಾ ಮಗನನ್ನು ಕರಕೊಂಡು ಒಂದು ಗಳಿಗೆ ಇಲ್ಲಿಗೇ ಬರೋಣ ಅಂತ ಅವಳು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು. ಹೊತ್ತು ಕೆಂಪಾಯಿತು.

ಜವರನಿಗೆ ಅನುಮಾನ ಬಂತು. ತುಂಬಿದೆಯೋ ಇಲ್ಲವೋ? ಕಣ್ಣಿಗೆ ಕಾಣೋದಲ್ಲ, ಕೈಗೆ ಸಿಗೋದಲ್ಲ. ಕೇಳಿಯೇ ಬಿಡೋಣ ಅಂತ ಗುಡಾಣದೊಳಗೆ ತಲೆ ತೂರಿಸಿ ಗಂಟಲು ಹರಿಯೋ ಹಾಗೆ ಕೂಗಿದ:

"ಮೌನಾ! ಇದ್ದೀಯಾ?"

ಗುಡಾಣ ಗುಂಯ್‌ಗುಟ್ಟಿತು: "...ಇದ್ದೀಯಾ?"

ಮರದ ಕೊಕ್ಕರೆಗಳೆಲ್ಲ ಭರ್ ಅಂತ ಎದ್ದವು. ದ್ಯಾವಮ್ಮ ಎದೆ ಹಿಡಿದುಕೊಂಡಳು. ಮೌನವೇ ತಿರುಗಿ ಕೇಳಿದರೆ ಉತ್ತರ ಕೊಡಬೇಕಲ್ಲ? ಜವರ ಇನ್ನೂ ಜೋರಾಗಿ ಕೂಗಿದ:

"ಹೂಂ, ಇದ್ದೀನಿ!"

"...ಇದ್ದೀನಿ!" ಅಂತು ಗುಡಾಣ.

ಜವರ ತಲೆ ಈಚೆ ತೆಗೆದು ಬಂಡೆ ಮೇಲೆ ಕುಣಿದಾಡಿದ.

"ಐತಂತೆ ಅವ್ವಾ! ಅದೇ ಬಾಯಿ ಬಿಟ್ಟು ಹೇಳ್ತು!"