ಆರು ಆಕಾರದ ಚಪ್ಪರ

ಊರ ಮೈದಾನಕ್ಕೆ ಹೊಸದಾಗಿ ಬಂದ ಬಟ್ಟೆಯ ಚಪ್ಪರಕ್ಕೆ ಆರು ಆಕಾರ. ಗುಂಡಿ ಒತ್ತಿದರೆ ಅದರ ಉಕ್ಕಿನ ತೋಳುಗಳು ಸಭೆಗೆ ಅರಳುತ್ತಿದ್ದವು, ಆಟಕ್ಕೆ ಮಡಚಿಕೊಳ್ಳುತ್ತಿದ್ದವು, ಇಳಿಬಿಸಿಲಿಗೆ ನೆಲದತ್ತ ಬಾಗುತ್ತಿದ್ದವು. ಮೂಲೆಗೆ ಒರಗಿದ್ದ ಹಳೆಯ ಬಿದಿರಿನ ಕಂಬ ಅದನ್ನು ನೋಡಿದಾಗಲೆಲ್ಲ, ನಲವತ್ತು ವರ್ಷ ತನ್ನನ್ನು ನೆಟ್ಟು ಕಿತ್ತ ಪೆಂಡಾಲಿನ ಇಮಾಮ್‌ಸಾಬನನ್ನು ನೆನೆಯುತ್ತಿತ್ತು.

"ಅಜ್ಜಾ, ನಿನಗೆಷ್ಟು ಆಕಾರ?" ಎಂದು ಚಪ್ಪರ ಕೇಳಿತು.

"ಎಣಿಸಿಲ್ಲ. ಮದುವೆ ನಡೆಯುವಾಗ ಈ ದಾರಿಯಲ್ಲಿ ಹೆಣ ಬಂದರೆ, ಇಮಾಮ್‌ಸಾಬ ನನ್ನನ್ನು ಗುಳಿಯಿಂದ ಕಿತ್ತು ಪೆಂಡಾಲಿನ ಅಂಚನ್ನು ಎತ್ತಿ ಹಿಡಿಯುತ್ತಿದ್ದ. ಕೊನೆಯ ಸಲ ಹೋಗುವವರು ತಗ್ಗಿ ಹೋಗಬಾರದು ಎನ್ನುತ್ತಿದ್ದ."

"ಅಂಥ ಆಕಾರ ನನ್ನ ಪಟ್ಟಿಯಲ್ಲಿಲ್ಲ," ಎಂದಿತು ಚಪ್ಪರ.

ಕೆಲವು ದಿನ ಕಳೆದ ಮೇಲೆ, ಇಳಿಹೊತ್ತಿನಲ್ಲಿ, ಆ ದಾರಿಯಲ್ಲೇ ಒಂದು ಹೆಣ ಬಂತು. ಚಪ್ಪರ ಬಿಸಿಲಿಗೆ ಬಾಗಿ ದಾರಿ ಕಟ್ಟಿತ್ತು. ಗುಂಡಿಯ ಪೆಟ್ಟಿಗೆಗೆ ಬೀಗ, ಬೀಗದ ಕೈ ಇದ್ದವನು ಊರಲ್ಲಿಲ್ಲ. ಹೊತ್ತವರು ನಿಂತುಬಿಟ್ಟರು, ಹೆಗಲಿಂದ ಇಳಿಸಬೇಕೇನೋ ಎಂದು ಒಬ್ಬರ ಮುಖ ಒಬ್ಬರು ನೋಡಿದರು.

ಹೂ ಮಾರುವ ಫಕೀರವ್ವ ತನ್ನ ಮದುವೆಯ ದಿನ ಪೆಂಡಾಲಿನ ಅಂಚು ಏಳುವುದನ್ನು ಕಂಡವಳು. ಅವಳು ಮೂಲೆಯ ಕಂಬವನ್ನು ತಂದು, ಬಟ್ಟೆಯ ಅಂಚಿಗೆ ಕೊಟ್ಟು, ಎರಡೂ ಕೈಯಿಂದ ಎತ್ತಿ ಹಿಡಿದಳು. ಹೊತ್ತವರು ತಗ್ಗದೆ ದಾಟಿದರು.

"ಇದು ಎಷ್ಟನೆಯ ಆಕಾರ?" ಚಪ್ಪರ ಮೆಲ್ಲಗೆ ಕೇಳಿತು.

"ಇದಕ್ಕೆ ಸಂಖ್ಯೆಯಿಲ್ಲ," ಎಂದಿತು ಕಂಬ. "ಇಮಾಮ್‌ಸಾಬ ಊರಿಗೆಲ್ಲ ಮಾಡಿಕೊಟ್ಟದ್ದು. ಈಗ ದಾಟಿದವನು ಅವನೇ."